ಟ್ರಾವೆಲ್ ಕಾರ್ಡ್ ತಗೊಳ್ಳೋ ಮೊದಲು ಹಳೇ ಬಿಲ್ ತೆಗೆದು ಕೂಡಿ ನೋಡಿ

ಹೋದ ತಿಂಗಳು ಕುವೆಂಪುನಗರದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಟೀಪಾಯಿ ಮೇಲೆ ಎರಡು ಕ್ರೆಡಿಟ್ ಕಾರ್ಡಿನ ಹೊಳೆಯುವ ಕಾಗದ ಇತ್ತು. ಮಗಳ ಬಾಣಂತನಕ್ಕೆ ಅಕ್ಕ, ಭಾವ ಇಬ್ಬರೂ ನ್ಯೂಜೆರ್ಸಿಗೆ ಹೊರಟಿದ್ದಾರೆ, ಐದು ತಿಂಗಳು ಅಲ್ಲೇ ಇರ್ತಾರೆ. ಟಿಕೆಟ್ ಮಾಡಿಸುವ ಮೊದಲು ಒಂದು ದೊಡ್ಡ ಟ್ರಾವೆಲ್ ಕಾರ್ಡ್, ಅಂದರೆ ಪ್ರಯಾಣ ಮಾಡುವವರಿಗೆ ಅಂತಲೇ ಇರುವ ಕ್ರೆಡಿಟ್ ಕಾರ್ಡ್, ಮಾಡಿಸಿಕೊಂಡರೆ ಲಾಭ ಅಂತ ಯಾರೋ ಹೇಳಿದ್ದಾರೆ. "ನೋಡೋ, ಇದರಲ್ಲಿ ಯಾವುದು ತಗೊಳ್ಳೋದು ಹೇಳು. ಎರಡರಲ್ಲೂ ಲೌಂಜ್, ಅದೇ ಏರ್‌ಪೋರ್ಟಲ್ಲಿ ಕೂತು ಊಟ ಮಾಡೋ ಕೋಣೆ, ಇದೆಯಂತೆ" ಅಂದಳು ಅಕ್ಕ. ನಾನು ಕಾಗದ ಪಕ್ಕಕ್ಕಿಟ್ಟು, "ಭಾವ, ನಿಮ್ಮ ಈಗಿನ ಕಾರ್ಡಿನ ಹನ್ನೆರಡು ತಿಂಗಳ ಬಿಲ್ ಕೊಡಿ" ಅಂದೆ.

ಕಾರ್ಡ್ ಹೋಲಿಸುವ ಕೆಲಸ ಶುರುವಾಗಬೇಕಾದ್ದು ಅಲ್ಲಿಂದ. ಬ್ಯಾಂಕಿನ ಕಾಗದ ಹೇಳುವುದು ಯಾರೋ ಒಬ್ಬ ಕಾಲ್ಪನಿಕ ಮನುಷ್ಯನ ಖರ್ಚಿನ ಲೆಕ್ಕ. ಆತ ತಿಂಗಳಿಗೆ ಎರಡು ಸಲ ವಿಮಾನ ಹತ್ತುತ್ತಾನೆ, ದೊಡ್ಡ ಹೋಟೆಲಲ್ಲಿ ಇಳಿಯುತ್ತಾನೆ, ಎಲ್ಲಕ್ಕೂ ಕಾರ್ಡ್ ಉಜ್ಜುತ್ತಾನೆ. ಮೈಸೂರಲ್ಲಿ ಸಂಸಾರ ಮಾಡಿಕೊಂಡಿರುವ ನಮ್ಮ ಖರ್ಚು ಹಾಗಿಲ್ಲ ಅಲ್ವಾ. ದೇವರಾಜ ಮಾರ್ಕೆಟ್‌ನಲ್ಲಿ ತರಕಾರಿ, ಹೂವು ತಗೊಂಡರೆ ಯುಪಿಐ. ಹಾಲು, ಪೇಪರು, ಇಸ್ತ್ರಿ ಎಲ್ಲಾ ಯುಪಿಐ. ಯುಪಿಐಗೆ ಜೋಡಿಸಲು ಬರುವುದು ರುಪೇ ಕ್ರೆಡಿಟ್ ಕಾರ್ಡ್ ಮಾತ್ರ. ದುಬಾರಿ ಟ್ರಾವೆಲ್ ಕಾರ್ಡುಗಳಲ್ಲಿ ಹೆಚ್ಚಿನವು ವೀಸಾ, ಮಾಸ್ಟರ್‌ಕಾರ್ಡ್, ಡೈನರ್ಸ್ ಇಲ್ಲವೇ ಅಮೆಕ್ಸ್. ಹಾಗಾಗಿ ದಿನದ ಸಣ್ಣ ಖರ್ಚಿಗೆ ಆ ಕಾರ್ಡಿನಲ್ಲಿ ಒಂದು ಪಾಯಿಂಟೂ (ಖರ್ಚಿಗೆ ಬ್ಯಾಂಕು ಕೊಡುವ ಬಹುಮಾನ) ಬರುವುದಿಲ್ಲ.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು. ಪ್ರತಿ ತಿಂಗಳ ಬಿಲ್ ಪೂರ್ತಿ ಕಟ್ಟುವ ಅಭ್ಯಾಸ ಇಲ್ಲದಿದ್ದರೆ ಈ ಕಾರ್ಡುಗಳ ತಂಟೆಗೇ ಹೋಗಬೇಡಿ. ಬಾಕಿ ಉಳಿದ ಹಣಕ್ಕೆ ಎಷ್ಟೋ ಬ್ಯಾಂಕುಗಳು ತಿಂಗಳಿಗೆ ಶೇ. 3.5ರಿಂದ 3.75ರವರೆಗೆ ಬಡ್ಡಿ ಹಾಕುತ್ತವೆ, ಅಂದರೆ ವರ್ಷಕ್ಕೆ ಶೇ. 42ರಿಂದ 45. ಒಳ್ಳೊಳ್ಳೇ ಕಾರ್ಡೂ ಖರ್ಚಿನ ಮೇಲೆ ವಾಪಸ್ ಕೊಡುವುದು ಶೇ. 2ರಿಂದ 3 ಅಷ್ಟೆ. ಒಂದು ತಿಂಗಳು ಬಾಕಿ ಇಟ್ಟರೆ ಅದು ಅಲ್ಲಿಗೇ ಹೋಯಿತು.

ಈಗ ಬಿಲ್ ಕಡೆ ಬನ್ನಿ. ನಾವು ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಎರಡು ಕಾಲಂ ಗೀಟು ಹಾಕಿಕೊಂಡೆವು. ಒಂದು ಕಡೆ ಪಾಯಿಂಟ್ ಬರುವ ಖರ್ಚು, ಇನ್ನೊಂದು ಕಡೆ ಬಾರದ ಖರ್ಚು. ಭಾವನ ಕಾರ್ಡಿನಲ್ಲಿ ವರ್ಷಕ್ಕೆ 3,84,000 ರೂಪಾಯಿ ಖರ್ಚಾಗಿತ್ತು. ಅದರಲ್ಲಿ ಪೆಟ್ರೋಲ್ 42,000. ಕರೆಂಟು, ಗ್ಯಾಸು, ಫೋನು ಸೇರಿ 36,000. ವಾಲೆಟ್‌ಗೆ ತುಂಬಿಸಿದ್ದು 6,000. ಪೆಟ್ರೋಲ್, ಬಾಡಿಗೆ, ವಾಲೆಟ್, ಸರ್ಕಾರಕ್ಕೆ ಕಟ್ಟುವ ತೆರಿಗೆ, ಇವಕ್ಕೆಲ್ಲ ಎಷ್ಟೋ ಕಾರ್ಡುಗಳು ಪಾಯಿಂಟ್ ಕೊಡುವುದೇ ಇಲ್ಲ. ಕರೆಂಟು, ಫೋನ್ ಬಿಲ್ಲಿಗೆ ಕೊಟ್ಟರೂ ತಿಂಗಳಿಗೆ ಇಷ್ಟೇ ಅಂತ ಮಿತಿ ಇರುತ್ತದೆ. ನಾವು ಎಲ್ಲವನ್ನೂ ಹೊಡೆದು ಹಾಕಿ 3 ಲಕ್ಷ ಅಂತ ಬರೆದುಕೊಂಡೆವು. ಲೆಕ್ಕ ಬಿಗಿಯಾಗಿದ್ದರೆ ಒಳ್ಳೇದು.

ಇಲ್ಲಿ ನನಗೇ ಆದ ಒಂದು ನಷ್ಟ ಹೇಳಬೇಕು. ಎರಡು ವರ್ಷದ ಹಿಂದೆ ನನ್ನ ಹತ್ತಿರ ಇದ್ದ ಕಾರ್ಡಿನಲ್ಲಿ ವರ್ಷಕ್ಕೆ ಇಷ್ಟು ಖರ್ಚು ಮಾಡಿದರೆ ಇಷ್ಟು ಬೋನಸ್ ಪಾಯಿಂಟ್ ಅಂತ ಇತ್ತು. ಒಂದು ಲಕ್ಷ ಚಿಲ್ಲರೆ ಕಡಿಮೆ ಬಿದ್ದಿತ್ತು. ಸರಿ, ಮಗನ ಸ್ಕೂಲ್ ಫೀಸು 1,10,000 ಹೇಗೂ ಕಟ್ಟಬೇಕಲ್ಲ ಅಂತ ಒಂದು ಆ್ಯಪ್ ಮೂಲಕ ಕಾರ್ಡಿನಲ್ಲೇ ಕಟ್ಟಿದೆ. ಮುಂದಿನ ಬಿಲ್ ಬಂದಾಗ ನೋಡಿದರೆ ಶೇ. 1 ಶುಲ್ಕ, ಅದರ ಮೇಲೆ ಜಿಎಸ್‌ಟಿ, ಒಟ್ಟು 1,298 ರೂಪಾಯಿ ಹಾಕಿದ್ದರು. ಬೋನಸ್ಸೂ ಬರಲಿಲ್ಲ. ಆ್ಯಪ್ ಮೂಲಕ ಕಟ್ಟಿದ ಫೀಸು ಆ ಗುರಿಯ ಲೆಕ್ಕಕ್ಕೆ ಸೇರುವುದಿಲ್ಲ ಅಂತ ನಿಯಮದಲ್ಲಿ ಬರೆದಿತ್ತಂತೆ, ನಾನು ಓದಿರಲಿಲ್ಲ. ಕಸ್ಟಮರ್ ಕೇರಿಗೆ ಮೂರು ಸಲ ಫೋನ್ ಮಾಡಿದರೂ ಅದೇ ಉತ್ತರ. ಆವತ್ತಿಂದ ಯಾವ ಕಾರ್ಡ್ ಆದರೂ ಮೊದಲು ಹುಡುಕಿ ಓದುವುದು 'ಯಾವುದಕ್ಕೆ ಪಾಯಿಂಟ್ ಇಲ್ಲ' ಅನ್ನುವ ಭಾಗವನ್ನೇ. ಬ್ಯಾಂಕಿನ ವೆಬ್‌ಸೈಟಿನಲ್ಲಿ ಷರತ್ತುಗಳು ಅಂತ ಒಂದು ಪಿಡಿಎಫ್ ಇರುತ್ತದೆ. ಕಾರ್ಡ್ ಮಾರಲು ಬಂದ ಹುಡುಗನನ್ನು ಕೇಳುವ ಬದಲು ಅದನ್ನು ತೆರೆದು ಓದಿ, ಮೇಲೆ ಇರುವ ತಾರೀಖನ್ನೂ ನೋಡಿ, ಯಾಕೆಂದರೆ ಈ ನಿಯಮಗಳು ವರ್ಷಕ್ಕೆ ಒಂದೆರಡು ಸಲ ಬದಲಾಗುತ್ತವೆ.

ಮುಂದಿನದು ಪಾಯಿಂಟಿನ ಬೆಲೆ. ಜನ ಹೆಚ್ಚು ಎಡವುವುದು ಇಲ್ಲೇ. ಒಂದು ಕಾರ್ಡಲ್ಲಿ ನೂರಕ್ಕೆ 2 ಪಾಯಿಂಟ್, ಇನ್ನೊಂದರಲ್ಲಿ ನೂರೈವತ್ತಕ್ಕೆ 4 ಪಾಯಿಂಟ್ ಅಂದ ಕೂಡಲೇ ಎರಡನೆಯದೇ ವಾಸಿ ಅನ್ನಿಸುತ್ತದೆ. ಆದರೆ ಪಾಯಿಂಟ್ ಅಂದರೆ ರೂಪಾಯಿ ಅಲ್ಲ. ಒಂದೇ ಪಾಯಿಂಟಿಗೆ ನೀವು ಎಲ್ಲಿ ಬಳಸುತ್ತೀರಿ ಅನ್ನುವುದರ ಮೇಲೆ ಬೇರೆ ಬೇರೆ ಬೆಲೆ. ಎಚ್‌ಡಿಎಫ್‌ಸಿ ಬ್ಯಾಂಕಿನ ಇನ್ಫಿನಿಯಾ ಕಾರ್ಡನ್ನೇ ತಗೊಳ್ಳಿ. ಅದನ್ನು ಬ್ಯಾಂಕೇ ಕರೆದು ಕೊಡಬೇಕು, ಕೇಳಿದವರಿಗೆಲ್ಲ ಸಿಗುವುದಿಲ್ಲ. ಅದರ ಒಂದು ಪಾಯಿಂಟ್ ಬ್ಯಾಂಕಿನದೇ ಬುಕಿಂಗ್ ಸೈಟಾದ ಸ್ಮಾರ್ಟ್‌ಬೈ ಪೋರ್ಟಲಿನಲ್ಲಿ ವಿಮಾನ, ಹೋಟೆಲ್ ಬುಕ್ ಮಾಡಿದರೆ 1 ರೂಪಾಯಿ. ಅದೇ ಪಾಯಿಂಟನ್ನು ಬಿಲ್ಲಿಗೆ ವಜಾ ಹಾಕಿಸಿದರೆ 30 ಪೈಸೆ. ಅದೇ ಬ್ಯಾಂಕಿನ ರೆಗಾಲಿಯಾ ಗೋಲ್ಡ್‌ನಲ್ಲಿ ವಿಮಾನಕ್ಕೆ 50 ಪೈಸೆ, ಬಿಲ್ಲಿಗೆ ಹಾಕಿಸಿದರೆ 20 ಪೈಸೆ. ಹತ್ತು ಸಾವಿರ ಪಾಯಿಂಟ್ ಇದೆ ಅಂತ ಹೇಳಿದರೆ ಅದು ಹತ್ತು ಸಾವಿರ ರೂಪಾಯಿಯೋ ಎರಡು ಸಾವಿರವೋ ಅಂತ ಕೇಳಬೇಕಾಗುತ್ತದೆ.

ಜೊತೆಗೆ, ನೂರೈವತ್ತಕ್ಕೆ ಇಷ್ಟು ಅಂತ ಇದ್ದಲ್ಲಿ ಪೂರ್ತಿ ನೂರೈವತ್ತಕ್ಕೆ ಮಾತ್ರ ಎಣಿಸುತ್ತಾರೆ. 290 ರೂಪಾಯಿ ಬಿಲ್ಲಿಗೆ ಒಂದೇ ಸಲದ ಪಾಯಿಂಟ್. ಉಳಿದ 140ಕ್ಕೆ ಏನೂ ಇಲ್ಲ. ಸಣ್ಣ ಸಣ್ಣ ಬಿಲ್ ಜಾಸ್ತಿ ಇರುವವರಿಗೆ ವರ್ಷದ ಕೊನೆಗೆ ಇದು ಚೆನ್ನಾಗೇ ಕಡಿಯುತ್ತದೆ.

ಆಮೇಲೆ ವಾರ್ಷಿಕ ಶುಲ್ಕ. ಕಾಗದದಲ್ಲಿ 5,000 ಅಂತಿದ್ದರೆ ನೀವು ಕೊಡುವುದು 5,900, ಏಕೆಂದರೆ ಮೇಲೆ ಶೇ. 18 ಜಿಎಸ್‌ಟಿ. 2,500 ಅಂದರೆ 2,950. 12,500 ಅಂದರೆ 14,750.

ಅಕ್ಕನ ಟೀಪಾಯಿ ಮೇಲಿದ್ದ ಎರಡು ಕಾರ್ಡಿಗೆ ಈ ಲೆಕ್ಕ ಹಾಕಿದೆವು. ಮೊದಲನೆಯದು ಶುಲ್ಕ 5,000, ನೂರಕ್ಕೆ 2 ಪಾಯಿಂಟ್, ಪಾಯಿಂಟಿಗೆ 1 ರೂಪಾಯಿ. ಎರಡನೆಯದು ಶುಲ್ಕ 2,500, ನೂರೈವತ್ತಕ್ಕೆ 4 ಪಾಯಿಂಟ್, ಪಾಯಿಂಟಿಗೆ 50 ಪೈಸೆ. ಭಾವನ ಹಳೇ ಕಾರ್ಡಿಗೆ ಶುಲ್ಕವೇ ಇಲ್ಲ, ಶೇ. 1 ವಾಪಸ್. 3 ಲಕ್ಷ ಖರ್ಚಿಗೆ ಮೊದಲನೇ ಕಾರ್ಡ್ 6,000 ರೂಪಾಯಿ ಕೊಡುತ್ತದೆ, ಶುಲ್ಕ 5,900 ಕಳೆದರೆ ಕೈಗೆ 100. ಎರಡನೆಯದು 8,000 ಪಾಯಿಂಟ್, ಅಂದರೆ 4,000 ರೂಪಾಯಿ, ಶುಲ್ಕ ಕಳೆದರೆ 1,050. ಹಳೇ ಕಾರ್ಡು ಸುಮ್ನೆ 3,000 ಕೊಡುತ್ತಿತ್ತು. ಅಕ್ಕ ಆ ಹಾಳೆಯನ್ನೇ ಎರಡು ನಿಮಿಷ ನೋಡಿದಳು. "ಅಂದ್ರೆ ಡ್ರಾಯರಲ್ಲಿ ಬಿದ್ದಿರೋದೇ ವಾಸಿನಾ?"

3 ಲಕ್ಷಕ್ಕೆ ಹೌದು. ಆದರೆ ಇದೇ ಲೆಕ್ಕವನ್ನು 9 ಲಕ್ಷಕ್ಕೆ ಮಾಡಿ. ಮೊದಲನೆಯದು 18,000ದಲ್ಲಿ ಶುಲ್ಕ ಕಳೆದು 12,100. ಎರಡನೆಯದು 9,050. ಹಳೆಯದು 9,000. ಈಗ ಮೊದಲನೆಯದೇ ಮುಂದೆ. ಹಾಗಾಗಿ ನೀವು ಕಂಡುಹಿಡಿಯಬೇಕಾದ್ದು ಎಷ್ಟು ಖರ್ಚಿನಿಂದ ಆಚೆಗೆ ದುಬಾರಿ ಕಾರ್ಡು ಗೆಲ್ಲುತ್ತದೆ ಅಂತ. ಅದು ಸುಲಭ. ಜಿಎಸ್‌ಟಿ ಸೇರಿದ ಶುಲ್ಕವನ್ನು ಎರಡು ಕಾರ್ಡು ವಾಪಸ್ ಕೊಡುವ ಪರ್ಸೆಂಟಿನ ವ್ಯತ್ಯಾಸದಿಂದ ಭಾಗಿಸಿ. ಮೊದಲನೇ ಕಾರ್ಡಿಗೂ ಹಳೆಯದಕ್ಕೂ ವ್ಯತ್ಯಾಸ ಶೇ. 1, ಶುಲ್ಕ 5,900. ಅಂದರೆ ವರ್ಷಕ್ಕೆ 5,90,000 ದಾಟಿದ ಮೇಲೇ ಅದು ಲಾಭ. ಎರಡನೆಯದಕ್ಕೆ ಈ ಗೆರೆ 8,85,000ದ ಹತ್ತಿರ ಬೀಳುತ್ತದೆ. ಇಷ್ಟು ಖರ್ಚು ಮಾಡಿದರೆ ಶುಲ್ಕ ಮಾಫಿ ಅಂತ ಕೆಲವು ಕಾರ್ಡಿನಲ್ಲಿ ಇರುತ್ತದೆ, ಅದಿದ್ದರೆ ಗೆರೆ ಕೆಳಗಿಳಿಯುತ್ತದೆ. ಅದನ್ನೂ ಸೇರಿಸಿಕೊಳ್ಳಿ. ಸೇರಿದಾಗ ಕೊಡುವ ಬೋನಸ್ ಮಾತ್ರ ಇದರಲ್ಲಿ ಬೆರೆಸಬೇಡಿ. ಅದು ಬರುವುದು ಒಂದೇ ಸಲ. ಮೊದಲ ವರ್ಷದ ಲೆಕ್ಕ ಬೇರೆ, ಎರಡನೇ ವರ್ಷದ ಲೆಕ್ಕ ಬೇರೆ ಹಾಕಿ. ವೋಚರ್ ಕೊಡುತ್ತಾರೆ ಅಂದರೆ, ಅದು ಇಲ್ಲದಿದ್ದರೂ ನೀವು ಆ ಅಂಗಡಿಗೆ ಹೋಗಿ ಕೈಯಿಂದ ಕೊಟ್ಟು ಕೊಳ್ಳುತ್ತಿದ್ದಿರಾ ಅಂತ ಯೋಚಿಸಿ. ಇಲ್ಲ ಅಂದರೆ ಅರ್ಧ ಬೆಲೆ ಹಾಕಿಕೊಳ್ಳಿ, ನಾನಂತೂ ಹಾಗೇ ಮಾಡುವುದು.

ವಿಮಾನದ ಟಿಕೆಟಿಗೆ ಜಾಸ್ತಿ ಪಾಯಿಂಟ್ ಅನ್ನುವ ಕಾರ್ಡುಗಳದ್ದು ಇನ್ನೊಂದು ಕತೆ. ಆಕ್ಸಿಸ್ ಬ್ಯಾಂಕಿನ ಅಟ್ಲಾಸ್‌ನಲ್ಲಿ ಮಾಮೂಲಿ ಖರ್ಚಿಗೆ ನೂರಕ್ಕೆ 2 ಎಡ್ಜ್ ಮೈಲ್ಸ್ (ಆ ಕಾರ್ಡಿನ ಪಾಯಿಂಟಿಗೆ ಇರುವ ಹೆಸರು), ವಿಮಾನ ಕಂಪನಿ ಅಥವಾ ಹೋಟೆಲಿಗೆ ನೇರವಾಗಿ ಕಟ್ಟಿದರೆ ನೂರಕ್ಕೆ 5. ಆದರೆ ಆ 5 ಬರುವುದು ತಿಂಗಳಿಗೆ 2 ಲಕ್ಷದವರೆಗೆ. ಅಕ್ಕ, ಭಾವನ ಇಬ್ಬರ ಟಿಕೆಟು 2,40,000 ಆಯಿತು ಅಂದುಕೊಳ್ಳಿ, ಒಂದೇ ದಿನ ಮಾಡಿಸಿದರೆ ಮೇಲಿನ 40,000ಕ್ಕೆ 2ರ ಲೆಕ್ಕವೇ. ತಿಂಗಳ ಕೊನೆಗೊಂದು, ಮುಂದಿನ ತಿಂಗಳ ಮೊದಲಿಗೊಂದು ಮಾಡಿಸಿದರೆ ಎರಡಕ್ಕೂ 5. ಆದರೆ ಅಷ್ಟರಲ್ಲಿ ಟಿಕೆಟ್ ದರ ಏರಿಬಿಟ್ಟರೆ ಪಾಯಿಂಟು ಉಳಿಸಿ ಏನು ಬಂತು? ಮತ್ತೆ ಇಂಥ ಕಾರ್ಡುಗಳಲ್ಲಿ ಪ್ರಯಾಣ ಅಂದರೆ ವಿಮಾನ, ಹೋಟೆಲ್ ಅಷ್ಟೇ. ಮೈಸೂರಿಂದ ಬೆಂಗಳೂರು ಏರ್‌ಪೋರ್ಟಿಗೆ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಟಿಕೆಟು, ಟ್ಯಾಕ್ಸಿ, ಹೆದ್ದಾರಿ ಟೋಲಿಗೆ ಫಾಸ್ಟ್ಯಾಗ್ ತುಂಬಿಸುವುದು ಇವೆಲ್ಲ ಅದರಲ್ಲಿ ಬರುವುದಿಲ್ಲ. ನಮ್ಮ ಮಂಡಕಳ್ಳಿ ನಿಲ್ದಾಣದಿಂದ ಹೊರಡುವುದು ಬೆರಳೆಣಿಕೆಯ ಸಣ್ಣ ವಿಮಾನಗಳು. ಹಾಗಾಗಿ ನಮ್ಮೂರಿನವರ ಪ್ರಯಾಣದ ಖರ್ಚಿನಲ್ಲಿ ಈ ರಸ್ತೆ ಖರ್ಚಿನ ಪಾಲು ಸಣ್ಣದೇನಲ್ಲ.

ಬ್ಯಾಂಕಿನ ಪೋರ್ಟಲಿನಲ್ಲಿ ಬುಕ್ ಮಾಡಿದರೆ ಐದು ಪಟ್ಟು, ಹತ್ತು ಪಟ್ಟು ಪಾಯಿಂಟ್ ಅಂತ ಇದ್ದರೆ, ಮೊದಲು ಅದೇ ವಿಮಾನದ ದರವನ್ನು ಕಂಪನಿಯ ಸೈಟಿನಲ್ಲಿ ನೋಡಿ. ಪಕ್ಕ ಪಕ್ಕ ಎರಡು ಕಿಟಕಿ ತೆರೆದು ಕೊನೆಯ ಪುಟದ ಮೊತ್ತ ಹೋಲಿಸಿ, ಮೊದಲ ಪುಟದ್ದಲ್ಲ. ಪೋರ್ಟಲಿನ ಸೇವಾ ಶುಲ್ಕ ಸೇರುವುದು ಕೊನೆಯ ಪುಟದಲ್ಲೇ.

ಪಾಯಿಂಟನ್ನು ವಿಮಾನ ಕಂಪನಿಯ ಮೈಲ್ಸ್, ಅಂದರೆ ಟಿಕೆಟ್ ಪಡೆಯಲು ಬಳಸುವ ಅವರದೇ ಪಾಯಿಂಟ್, ಆಗಿ ಬದಲಿಸಿಕೊಂಡರೆ ಒಳ್ಳೇ ಬೆಲೆ ಸಿಗುವುದುಂಟು. ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್, ಏರ್ ಇಂಡಿಯಾದ ಮಹಾರಾಜ ಕ್ಲಬ್ ಇಂಥವು. ಆದರೆ ಒಮ್ಮೆ ಕಳಿಸಿದ ಪಾಯಿಂಟ್ ವಾಪಸ್ ಬರುವುದಿಲ್ಲ. ಮೊದಲು ಆ ದಿನಕ್ಕೆ ಮೈಲ್ಸ್ ಸೀಟು ಇದೆಯಾ ಅಂತ ನೋಡಿ, ಆಮೇಲೆ ಕಳಿಸಿ. ಉಚಿತ ಟಿಕೆಟ್ ಅಂದರೂ ತೆರಿಗೆ, ಇತರ ಶುಲ್ಕ ಕೈಯಿಂದ ಕಟ್ಟಬೇಕು. ಇಟ್ಟುಕೊಂಡು ಕೂಡಿಸುವುದೂ ಬೇಡ, ಕ್ರಿಸ್‌ಫ್ಲೈಯರ್ ಮೈಲ್ಸ್ ಮೂರು ವರ್ಷಕ್ಕೆ ಮುಗಿಯುತ್ತವೆ.

ಇದರಲ್ಲಿ ನಮ್ಮ ಕಡೆಯವರಿಗೆ ದೊಡ್ಡ ತೊಡಕು ಹೆಸರು. ನಮಗೆಲ್ಲ ಹೆಸರಿನ ಹಿಂದೆ ಎರಡು ಇನಿಶಿಯಲ್. ಬ್ಯಾಂಕಿನಲ್ಲಿ ಇನಿಶಿಯಲ್ ಮಾತ್ರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಅಂತ ಹಾಕಿಸಿರುತ್ತೇವೆ. ಬ್ಯಾಂಕು ಪಾಯಿಂಟ್ ಕಳಿಸುವಾಗ ಕಾರ್ಡಿನ ಹೆಸರಿಗೂ ವಿಮಾನ ಕಂಪನಿಯ ಖಾತೆಯ ಹೆಸರಿಗೂ ತಾಳೆಯಾಗಬೇಕು, ಟಿಕೆಟ್ ಮಾಡುವಾಗ ಆ ಹೆಸರಿಗೂ ಪಾಸ್‌ಪೋರ್ಟಿಗೂ ತಾಳೆಯಾಗಬೇಕು. ಅದಕ್ಕೆ ಅರ್ಜಿ ತುಂಬುವಾಗಲೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅದರಲ್ಲಿ ಇರುವ ಹಾಗೇ ಹೆಸರು ಬರೆಯಿರಿ. ಅಕ್ಕನ ಪಾಸ್‌ಪೋರ್ಟಿನಲ್ಲಿ ಮೂರು ಪದ, ಬ್ಯಾಂಕಿನಲ್ಲಿ ಒಂದೂವರೆ.

ಲೌಂಜ್ ವಿಷಯಕ್ಕೆ ಬರ್ತೀನಿ, ಅಕ್ಕನ ಆಸೆ ಅದೇ ಆಗಿತ್ತಲ್ಲ. ನಾವು ವಿಮಾನ ಹಿಡಿಯಲು ಮನೆ ಬಿಡುವುದೇ ಏಳೆಂಟು ಗಂಟೆ ಮೊದಲು. ರಸ್ತೆಯಲ್ಲಿ ನಾಲ್ಕು ಗಂಟೆ ಕೂತು ಹೋದ ವಯಸ್ಸಾದವರಿಗೆ ಒಂದು ಮೆತ್ತನೆ ಕುರ್ಚಿ, ಬಿಸಿ ಊಟ, ಸ್ವಚ್ಛ ಬಾತ್‌ರೂಮ್ ಸಿಗುವುದು ನಿಜಕ್ಕೂ ದೊಡ್ಡ ವಿಷಯ, ಅದನ್ನು ಕಡೆಗಣಿಸಬಾರದು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ 080 ಲೌಂಜ್ ಇದೆ. ಆದರೆ ಲೆಕ್ಕಕ್ಕೆ ಹಿಡಿಯುವಾಗ ಅದರ ಬೋರ್ಡ್ ಬೆಲೆ ಹಾಕಬೇಡಿ. ಲೌಂಜ್ ಇಲ್ಲದಿದ್ದರೆ ನೀವು ಅಲ್ಲಿ ಊಟ, ಕಾಫಿಗೆ ಎಷ್ಟು ಖರ್ಚು ಮಾಡುತ್ತಿದ್ದಿರೋ ಅಷ್ಟು ಹಾಕಿ. ದಾರಿಯಲ್ಲಿ ಮದ್ದೂರು ವಡೆ ತಿಂದು, ಮನೆಯಿಂದ ಚಪಾತಿ ಕಟ್ಟಿಕೊಂಡು ಹೋಗುವವರಿಗೆ ಅದು ಇನ್ನೂರು, ಮುನ್ನೂರು ದಾಟುವುದಿಲ್ಲ. ವರ್ಷಕ್ಕೆ ಎರಡು ಸಲ ಹೋಗುವವರು ಐದು ಸಾವಿರ ಶುಲ್ಕವನ್ನು ಲೌಂಜಿನಿಂದ ವಸೂಲು ಮಾಡುವುದು ಆಗದ ಮಾತು.

ಮೂರು ಪ್ರಶ್ನೆ ಕೇಳಿಕೊಳ್ಳಿ. ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಲೌಂಜ್ ಅನ್ನುವ ಷರತ್ತು ಇದೆಯಾ? ಈಗ ಬಹಳ ಕಾರ್ಡುಗಳಲ್ಲಿ ಇದೆ. ಜೊತೆಗಿರುವ ಗಂಡನಿಗೋ ಹೆಂಡತಿಗೋ ಪ್ರವೇಶ ಇದೆಯಾ, ಅವರಿಗೆ ಆಡ್-ಆನ್ ಕಾರ್ಡ್ (ನಿಮ್ಮದೇ ಖಾತೆಯ ಎರಡನೇ ಕಾರ್ಡ್) ತಗೊಂಡರೆ ಸಿಗುತ್ತದಾ? ವಿದೇಶದ ಲೌಂಜಿಗೆ ಪ್ರಯಾರಿಟಿ ಪಾಸ್ ಅನ್ನುವ ಪ್ರವೇಶದ ಕಾರ್ಡ್ ಕೊಟ್ಟಿದ್ದರೆ ಎಷ್ಟು ಸಲ ಉಚಿತ? ಅದು ಮುಗಿದ ಮೇಲೆ ಡಾಲರ್ ಲೆಕ್ಕದಲ್ಲಿ ಬಿಲ್ಲಿಗೆ ಬೀಳುತ್ತದೆ.

ಹೊರದೇಶಕ್ಕೆ ಹೋಗುವವರು ಇದಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ವಿದೇಶಿ ಹಣದ ಮಾರ್ಕಪ್. ಡಾಲರಲ್ಲಿ ಉಜ್ಜಿದ ಪ್ರತಿ ಸಲವೂ ಬ್ಯಾಂಕು ತನ್ನ ಪಾಲು ಹಾಕುತ್ತದೆ. ಮಾಮೂಲಿ ಕಾರ್ಡಿನಲ್ಲಿ ಶೇ. 3.5, ಎಷ್ಟೋ ದುಬಾರಿ ಕಾರ್ಡಿನಲ್ಲಿ ಶೇ. 2. ಅದರ ಮೇಲೆ ಜಿಎಸ್‌ಟಿ. ಐದು ತಿಂಗಳಲ್ಲಿ ಅಲ್ಲಿ 2 ಲಕ್ಷ ಖರ್ಚಾದರೆ ಶೇ. 3.5ಕ್ಕೆ 8,260 ರೂಪಾಯಿ ಹೋಗುತ್ತದೆ, ಶೇ. 2ಕ್ಕೆ 4,720. ದುಬಾರಿ ಟ್ರಾವೆಲ್ ಕಾರ್ಡ್ ಅಂದ ಮಾತ್ರಕ್ಕೆ ಮಾರ್ಕಪ್ ಕಡಿಮೆ ಅಂತ ತಿಳಿಯಬೇಡಿ, ಅಟ್ಲಾಸ್‌ನಲ್ಲೂ ಶೇ. 3.5 ಇದೆ. ಇನ್ನೊಂದು ಕಡೆ ಮಾರ್ಕಪ್ಪೇ ಇಲ್ಲದ ಉಚಿತ ಕಾರ್ಡುಗಳೂ ಇವೆ. ಫೆಡರಲ್ ಬ್ಯಾಂಕಿನ ಸ್ಕೇಪಿಯಾ ಅಂಥದ್ದು. ಎಫ್‌ಡಿ ಇಟ್ಟು ಪಡೆಯುವ ಐಡಿಎಫ್‌ಸಿ ಫಸ್ಟ್ ವಾವ್ ಕೂಡ. ನಿವೃತ್ತರಾದ ಭಾವನಂಥವರಿಗೆ ಎಫ್‌ಡಿ ಕಾರ್ಡ್ ಅನುಕೂಲ, ಸಂಬಳದ ಚೀಟಿ ಕೇಳುವುದಿಲ್ಲ, ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ಅಲ್ಲಿನ ಅಂಗಡಿಯ ಮೆಷಿನ್ ರೂಪಾಯಿಯೋ ಡಾಲರೋ ಅಂತ ಕೇಳಿದರೆ ಡಾಲರ್ ಒತ್ತಿ. ರೂಪಾಯಿ ಅಂದರೆ ಅಂಗಡಿಯವರ ದರದಲ್ಲಿ ಬದಲಿಸುತ್ತಾರೆ, ಅದು ಸಾಮಾನ್ಯವಾಗಿ ನಮಗೆ ದುಬಾರಿ.

ಕೊನೆಗೆ ಅಕ್ಕನ ಮನೆಯಲ್ಲಿ ತೀರ್ಮಾನವಾದದ್ದು ಇಷ್ಟು. ಎರಡೂ ಹೊಸ ಕಾರ್ಡು ಬೇಡ. ಹಳೆಯದು ಇಲ್ಲಿಗೆ, ಮಾರ್ಕಪ್ ಇಲ್ಲದ ಎಫ್‌ಡಿ ಕಾರ್ಡ್ ಅಲ್ಲಿಗೆ. ಉಳಿಯುವ ಶುಲ್ಕದ ಹಣಕ್ಕೆ ಇನ್ನಷ್ಟು ಸೇರಿಸಿ ಇಬ್ಬರಿಗೂ ಒಳ್ಳೇ ಪ್ರಯಾಣ ವಿಮೆ. ಕಾರ್ಡಿನ ಜೊತೆ ವಿಮೆ ಇದೆ ಅಂತ ವಯಸ್ಸಾದವರನ್ನು ಅಮೆರಿಕಕ್ಕೆ ಹಾಗೇ ಕಳಿಸಬೇಡಿ, ದಯವಿಟ್ಟು. ನಾನು ಮಾತ್ರ ಒಂದು ದುಬಾರಿ ಕಾರ್ಡು ಇಟ್ಟುಕೊಂಡಿದ್ದೇನೆ, ಕೆಲಸದ ಮೇಲೆ ತಿಂಗಳಿಗೊಮ್ಮೆ ಹಾರುತ್ತೇನೆ, ಆಫೀಸಿನ ಖರ್ಚನ್ನು ಮೊದಲು ನಾನೇ ಕಟ್ಟಿ ಆಮೇಲೆ ವಾಪಸ್ ಪಡೆಯುತ್ತೇನೆ. ಅದಕ್ಕೆ ನನ್ನ ಲೆಕ್ಕ ಗೆರೆ ದಾಟುತ್ತದೆ.

ಹೊಸ ಕಾರ್ಡ್ ಬಂದ ಮೇಲೆ ಆ್ಯಪ್ ತೆರೆದು ವಿದೇಶಿ ಬಳಕೆ, ಆನ್‌ಲೈನ್ ಬಳಕೆ ಎರಡನ್ನೂ ನೀವೇ ಆನ್ ಮಾಡಬೇಕು. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಅವು ಮುಚ್ಚಿಯೇ ಬರುತ್ತವೆ. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸುವುದನ್ನೂ ಮನೆ ಬಿಡುವ ಮೊದಲೇ ಮುಗಿಸಿ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯಲೇ ಬೇಡಿ, ಬಹಳ ಕಾರ್ಡುಗಳಲ್ಲಿ ಶುಲ್ಕದ ಜೊತೆ ಅವತ್ತಿಂದಲೇ ಬಡ್ಡಿ ಓಡುತ್ತದೆ.

ಎರಡನೇ ವರ್ಷದ ಶುಲ್ಕ ಬೀಳುವ ಒಂದು ತಿಂಗಳ ಮುಂಚೆ ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಆ ದಿನ ಮತ್ತೆ ಹನ್ನೆರಡು ತಿಂಗಳ ಬಿಲ್ ತೆಗೆದು ಇದೇ ಭಾಗಾಕಾರ ಮಾಡಿ. ಗೆರೆಯ ಕೆಳಗೆ ಬಂದರೆ ಬ್ಯಾಂಕಿಗೆ ಫೋನ್ ಮಾಡಿ ಶುಲ್ಕ ಬಿಡುತ್ತೀರಾ ಅಂತ ಕೇಳಿ, ಕೆಲವು ಸಲ ಬಿಡುತ್ತಾರೆ. ಬಿಡದಿದ್ದರೆ ಮೊದಲು ಪಾಯಿಂಟ್ ಖಾಲಿ ಮಾಡಿ, ಬಾಕಿ ಪೂರ್ತಿ ಕಟ್ಟಿ, ಕಾರ್ಡ್ ಮುಚ್ಚಲು ಇಮೇಲಿನಲ್ಲಿ ಬರೆದು ಕೊಡಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಿಮಗೆ ಕೊಡಬೇಕು ಅಂತ 2022ರ ರಿಸರ್ವ್ ಬ್ಯಾಂಕ್ ನಿಯಮ ಇದೆ. ಹಾಗಾಗಿ ಇಮೇಲ್ ಕಳಿಸಿದ ತಾರೀಖು, ದೂರಿನ ನಂಬರು ಎರಡನ್ನೂ ಬರೆದಿಟ್ಟುಕೊಳ್ಳಿ. ಮುಚ್ಚಿದೆ ಅನ್ನುವ ಪತ್ರ ಬರುವವರೆಗೆ ಕಾರ್ಡನ್ನು ಕತ್ತರಿಸಬೇಡಿ.